ಗೋಧಿಯ ಗೋತ್ರ

ನನ್ನ ದನಿ ಮೊದಲಿನಷ್ಟು ಕೇಳಿಸುವುದಿಲ್ಲ ಎಂದು ಹೋಟೆಲಿನವರು ಹೇಳತೊಡಗಿ ಎಂಟು ದಿನವಾಯಿತು. ನಿನ್ನೆ ಎರಡು ಸಲ ಕಾಫಿ ಕೇಳಿದೆ. ಎರಡೂ ಸಲ ನನ್ನ ಹಿಂದೆ ನಿಂತವನಿಗೆ ಕೊಟ್ಟರು. ಬರೆದದ್ದು ಮಾತ್ರ ಇನ್ನೂ ಎಲ್ಲರಿಗೂ ಕಾಣುತ್ತದೆ. ಹಾಗಾಗಿ ಹೇಳಬೇಕಾದ್ದನ್ನು ಬರೆದಿಟ್ಟುಬಿಡುತ್ತೇನೆ. ಅಕ್ಷರ ಸೊಟ್ಟಗಿದ್ದರೆ ಅದು ಹುಟ್ಟಿನಿಂದ ಬಂದದ್ದು, ಈಗಿನ ನನ್ನ ಸ್ಥಿತಿಗೂ ಅದಕ್ಕೂ ಸಂಬಂಧವಿಲ್ಲ.

ನಮ್ಮೂರಿನಲ್ಲಿ ದಿನಾ ಮಧ್ಯಾಹ್ನ ಮೂರೂಕಾಲಿಗೆ ನಾಯಿಗಳೆಲ್ಲ ಎದ್ದು ನಿಲ್ಲುತ್ತವೆ. ತಿನ್ನುತ್ತಿದ್ದವು ತಟ್ಟೆಯಿಂದ ಬಾಯಿ ತೆಗೆಯುತ್ತವೆ. ಎಲ್ಲವೂ ಕೆರೆ ಏರಿಯ ಕಡೆ ಮುಖ ಮಾಡಿ ಸ್ವಲ್ಪ ಹೊತ್ತು ನಿಂತು, ಆಮೇಲೆ ನಿಧಾನವಾಗಿ ಕತ್ತು ತಿರುಗಿಸುತ್ತವೆ. ಬೀದಿಯಲ್ಲಿ ಯಾರಾದರೂ ನಡೆದುಹೋದರೆ ಜಗಲಿಯ ಮೇಲೆ ಕೂತವರು ಕಣ್ಣಲ್ಲೇ ಹಿಂಬಾಲಿಸುತ್ತಾರಲ್ಲ, ಹಾಗೆ. ಮೊದಲ ಮನೆಯ ನಾಯಿ ನೋಡಿ ಮುಗಿಸುವಷ್ಟರಲ್ಲಿ ಎರಡನೆಯ ಮನೆಯದು ಶುರುಮಾಡಿರುತ್ತದೆ. ಹೀಗೆ ಕೆರೆಯಿಂದ ಇಟ್ಟಿಗೆ ಗೂಡಿನವರೆಗೆ ಇಡೀ ಬೀದಿ ಒಂದು ಸಲ ಕತ್ತು ಹೊರಳಿಸಲು ಹನ್ನೆರಡು ನಿಮಿಷ ಬೇಕು. ಆ ಹನ್ನೆರಡು ನಿಮಿಷ ಜನ ಜಗಲಿ ಹತ್ತುತ್ತಾರೆ, ಸೊಪ್ಪಿನವಳು ಗಾಡಿಯನ್ನು ಚರಂಡಿಯ ಅಂಚಿಗೆ ಒತ್ತುತ್ತಾಳೆ, ಜಗಳವಾಡುತ್ತಿದ್ದವರು ಬಯ್ಗುಳವನ್ನು ಅರ್ಧದಲ್ಲೇ ಹಿಡಿದುಕೊಂಡು ನಿಂತು, ಮುಗಿದ ಮೇಲೆ ಅದೇ ಶಬ್ದದಿಂದ ಮುಂದುವರಿಸುತ್ತಾರೆ. “ಅವರು ಬಂದ್ರು, ದಾರಿ ಬಿಡಿ” ಅನ್ನುವುದು ನಮ್ಮ ವಾಡಿಕೆ. ಯಾರು ಅನ್ನುವುದು ಯಾರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದವರಿಗೆ ಏಕವಚನ ಹಾಕಬಾರದಲ್ಲ, ಅದಕ್ಕೆ ಅವರು. ನಮ್ಮ ಹೆಂಗಸರು ಗಂಡನನ್ನೂ ಹೆಸರು ಹೇಳದೆ ಅವರು ಅನ್ನುವುದರಿಂದ ಆಗಾಗ ಪೇಚಾಟವಾಗುತ್ತದೆ. ಒಮ್ಮೆ ಹೊಸ ಸೊಸೆಯೊಬ್ಬಳು ಬಾಗಿಲಲ್ಲಿ ನಿಂತು “ಅವರು ಇನ್ನೂ ಬಂದೇ ಇಲ್ಲ” ಎಂದು ನಿಟ್ಟುಸಿರು ಬಿಟ್ಟದ್ದಕ್ಕೆ ಬೀದಿಗೆ ಬೀದಿಯೇ ಐದು ಗಂಟೆಯವರೆಗೂ ಜಗಲಿಯಿಂದ ಇಳಿದಿರಲಿಲ್ಲ.

ದಾರಿ ಬಿಡದೆ ತಾಗಿದವರೂ ಇದ್ದಾರೆ. ತಾಗಿದ ಕೂಡಲೇ ಜನರಿಗೆ ಏನೂ ಗೊತ್ತಾಗುವುದಿಲ್ಲ. ನಾಯಿಗಳು ಮಾತ್ರ ಅಂದಿನಿಂದಲೇ ಅವರನ್ನೂ ಅದೇ ರೀತಿ ಕತ್ತು ತಿರುಗಿಸಿ ನೋಡತೊಡಗುತ್ತವೆ. ವಾರ ಕಳೆದರೆ ದನಿ ಇಳಿಯುತ್ತದೆ. ಆಮೇಲೆ ಎದುರಿಗಿದ್ದವರ ಕಣ್ಣು ಅವರ ಮೇಲೆ ನಿಲ್ಲುವುದಿಲ್ಲ. ತಿಂಗಳು ತುಂಬುವಷ್ಟರಲ್ಲಿ ನಾಯಿಗಳಿಗೆ ಬಿಟ್ಟರೆ ಬೇರೆ ಯಾರಿಗೂ ಅವರು ಇರುವುದಿಲ್ಲ. ಅದಕ್ಕಾಗಿ ಪ್ರತಿ ಮನೆಯಲ್ಲೂ ನಾಯಿ ಇರಲೇಬೇಕು, ಆ ನಾಯಿಗೆ ಗೊತ್ತಾಗಲೇಬೇಕು ಎಂಬುದು ಬೀದಿಯ ಕಟ್ಟಳೆ. ಎಲ್ಲಿ, ಎಷ್ಟು ಹತ್ತಿರ, ಯಾವಾಗ ಅನ್ನುವುದನ್ನು ನಾಯಿಯ ಕತ್ತಿನಿಂದಲ್ಲದೆ ತಿಳಿಯುವ ಇನ್ನೊಂದು ದಾರಿ ನಮಗಿಲ್ಲ.

ನನ್ನ ಕೆಲಸ ಜೋಡಿ ನೋಡುವುದು, ನಾಯಿಗಳದ್ದು. ನನ್ನ ತಂದೆಯೂ ಅದನ್ನೇ ಮಾಡುತ್ತಿದ್ದರು. ನಮ್ಮ ಮನೆಯಲ್ಲಿ ಕೆಂಪು ಬಟ್ಟೆಯ ರಟ್ಟಿನ ದಪ್ಪ ಪುಸ್ತಕವಿದೆ. ಊರಿನ ಒಂದೊಂದು ನಾಯಿಯ ಹುಟ್ಟು, ಮನೆ, ಗೋತ್ರ ಅದರಲ್ಲಿದೆ. ಗೋತ್ರಗಳು ಮೂರು: ಕರಿ, ಕಂದು, ಬೂದಿ. ಮೂರೂಕಾಲಿಗೆ ಕರಿಯವು ಗುರುಗುಡುತ್ತವೆ, ಕಂದಿನವು ನೋಡುತ್ತಲೇ ಹಿಂದಕ್ಕೆ ಸರಿಯುತ್ತವೆ, ಮೈಮೇಲೆ ಬೂದಿ ಎರಚಿದ ಹಾಗೆ ಮಚ್ಚೆಯಿರುವ ಬೂದಿಯವು ಮಾತ್ರ ಸದ್ದಿಲ್ಲದೆ, ಅಂಗುಲ ತಪ್ಪದೆ ತೋರಿಸುತ್ತವೆ. ಹಾಗಾಗಿ ಎಲ್ಲರಿಗೂ ಬೂದಿಯೇ ಬೇಕು. ಆದರೆ ಬೂದಿಗೆ ಬೂದಿಯನ್ನು ಕೊಡುವಂತಿಲ್ಲ, ಅದು ಸಗೋತ್ರ. ಹಿರಿಯರು ಹಾಕಿದ ಈ ಕಟ್ಟಿನ ಕಾರಣವನ್ನು ನಾನು ಲೈಬ್ರರಿಯ ಒಂದು ದಪ್ಪ ಪುಸ್ತಕದಲ್ಲಿ ಓದಿ ತಿಳಿದುಕೊಂಡೆ. ಒಂದು ಕಡೆಯಿಂದ ಬಂದ ಬೂದಿ ಕರಿ ಬಣ್ಣವನ್ನು ಅಲ್ಲಲ್ಲಿ ತೆಳುವಾಗಿಸುತ್ತದೆ, ನೋಡಲು ಚೆಂದ. ತಾಯಿ ತಂದೆ ಇಬ್ಬರಿಂದಲೂ ಬಂದರೆ ಬಣ್ಣವನ್ನೇ ಅಳಿಸಿಹಾಕುತ್ತದೆ. ಮರಿ ಬಿಳಿಯಾಗುತ್ತದೆ. ಕೂದಲಿಗೆ ಬಣ್ಣ ಕೊಡುವ ವಸ್ತುವೇ ಕಿವಿಯ ಒಳಗೂ ಕಣ್ಣಿನಲ್ಲೂ ಬೇಕಾದ್ದರಿಂದ ಅದು ಕಿವುಡೂ ಕುರುಡೂ ಆಗಬಹುದು.

ಇನ್ನು ಗೋಧಿ ಬಣ್ಣ. ಅದು ಗೋತ್ರವಲ್ಲ, ಹೊದಿಕೆ. ಅದರ ಕೆಳಗೆ ಕರಿಯೂ ಇರಬಹುದು, ಬೂದಿಯೂ ಇರಬಹುದು, ಹೊರಗೆ ಕಾಣುವುದಿಲ್ಲ. ಗೋಧಿ ನಾಯಿಯ ಮಟ್ಟಿಗೆ ಪುಸ್ತಕವನ್ನೇ ನಂಬಬೇಕು. ಪುಸ್ತಕದಲ್ಲಿ ನನ್ನ ತಂದೆ ಒಂದು ಸಂಪ್ರದಾಯ ಹಾಕಿಟ್ಟಿದ್ದರು. ಹೆಣ್ಣುನಾಯಿಗೆ ಮೊದಲ ಜೋಡಿ ಆದ ದಿನ ಅದರ ಹುಟ್ಟಿದ ಗೋತ್ರವನ್ನು ಬ್ಲೇಡಿನಿಂದ ಹೆರೆದು ಗಂಡಿನ ಗೋತ್ರವನ್ನು ಬರೆಯುವುದು. ಮನುಷ್ಯರಲ್ಲಿ ಇಲ್ಲವೇ ಎಂದು ಅವರ ವಾದ. ನಾನೂ ಹೆರೆಯುತ್ತ ಬಂದೆ.

ಪುಸ್ತಕದ ಜೊತೆಗೆ ಒಂದು ಬೆತ್ತದ ಬುಟ್ಟಿಯೂ ನನ್ನ ಪಾಲಿಗೆ ಬಂದಿತ್ತು. ಮರಿಗಳಿಗೆ ಐವತ್ತು ದಿನವಾದಾಗ ಬೀದಿಯಲ್ಲಿ ಕೂರಿಸಿ ಕತ್ತು ನೋಡುತ್ತೇವೆ. ಮೂರೂಕಾಲಿಗೆ ಕತ್ತು ತಿರುಗಿಸದ ಮರಿಯನ್ನು ಬುಟ್ಟಿಯಲ್ಲಿಟ್ಟು ಇಟ್ಟಿಗೆ ಗೂಡಿನಾಚೆ ಬಿಟ್ಟುಬರಬೇಕು. ಹಿಂದೆ ತಿರುಗಿ ನೋಡಬಾರದು ಎಂದು ತಂದೆ ಹೇಳಿಕೊಟ್ಟಿದ್ದರು. ಅದು ಶಾಸ್ತ್ರ ಎಂದುಕೊಂಡಿದ್ದೆ. ಬಿಟ್ಟುಬರುವವನ ಅನುಕೂಲಕ್ಕೆ ಮಾಡಿದ್ದು ಎಂದು ಆಮೇಲೆ ಅರ್ಥವಾಯಿತು. ನಾನು ಇದುವರೆಗೆ ಏಳು ಮರಿಗಳನ್ನು ಹೊತ್ತಿದ್ದೇನೆ.

ತಾರಾಮತಿ ನಮ್ಮ ಪಕ್ಕದ ಮನೆಯಲ್ಲೇ ಹುಟ್ಟಿ ಬೆಳೆದವಳು, ಅದೇ ಬೀದಿಯ ಕೊನೆಯಲ್ಲಿ ಹೊಲಿಗೆ ಅಂಗಡಿ ಇಟ್ಟವಳು. ನನಗೆ ಅವಳು ತಾರಿ. ಊರಿಗೆಲ್ಲ ನಾನು ಪದ್ದಣ್ಣ, ಅವಳಿಗೆ “ಲೋ ಪದ್ದು”. ಆರನೆಯ ವಯಸ್ಸಿನಲ್ಲಿ ನನ್ನ ಬಳಪ ಕಸಿದುಕೊಂಡಾಗ ಶುರುವಾದ ಏಕವಚನ ನನ್ನ ತಲೆ ಬೆಳ್ಳಗಾದರೂ ಬದಲಾಗಲಿಲ್ಲ. ಅವಳ ಗಂಡ ವಾಮನ ಹನ್ನೊಂದು ವರ್ಷದ ಹಿಂದೆ ತಾಗಿದವನು. ನೂಲಿನ ಉಂಡೆ ಕೈಜಾರಿ ಬೀದಿಗೆ ಉರುಳಿತು, ಹಿಡಿಯಲು ಎರಡು ಹೆಜ್ಜೆ ಇಟ್ಟ, ಅಷ್ಟೇ. ಅವನು ಎಡಗೈಯವನು. ಎಡಗೈಗೆ ಕತ್ತರಿ ಸಿಗುವುದಿಲ್ಲ ಎಂದು ಗೊಣಗುತ್ತ ಬಲಗೈಯ ಕತ್ತರಿಯಲ್ಲೇ ಊರಿನ ಗಂಡಸರ ಅಂಗಿಗಳನ್ನೆಲ್ಲ ಕತ್ತರಿಸುತ್ತಿದ್ದ. ಇಪ್ಪತ್ತನೆಯ ದಿನ ತಾರಿ ತಟ್ಟೆ ಹಾಕಿ “ಎಲ್ಲಿ ಕೂತಿದೀರಿ, ಒಂದ್ ಸಲ ಕೆಮ್ಮಿ” ಅಂದದ್ದನ್ನು ನಾನು ಕೇಳಿಸಿಕೊಂಡಿದ್ದೇನೆ. ಆಮೇಲೆ ಅವಳು ಒಂದು ನಾಯಿ ಸಾಕಿದಳು. ಅದು ಸತ್ತ ಮೇಲೆ, ವರ್ಗವಾಗಿ ಹೊರಟ ಮೇಲಿನ ಬೀದಿಯ ಮೇಷ್ಟರಿಂದ ಗೋಧಿ ಬಣ್ಣದ ಹೆಣ್ಣು ಬಂತು. ಹೆಸರೂ ಗೋಧಿಯೇ.

ಗೋಧಿಗೆ ಜೋಡಿ ನೋಡು ಎಂದು ತಾರಿ ಹೇಳಿದಾಗ ನನಗೆ ಮೊದಲು ಹೊಳೆದದ್ದು ಹಿಟ್ಟಿನ ಗಿರಣಿಯ ಚೆನ್ನವೀರಪ್ಪನವರ ಭಸ್ಮ. ಬೀದಿಯಲ್ಲೇ ಅಂಥ ಬೂದಿನಾಯಿ ಇಲ್ಲ ಎಂದು ಚೆನ್ನವೀರಪ್ಪನವರೇ ಹೇಳುತ್ತಿದ್ದರು, ದಿನಕ್ಕೆ ಎರಡು ಮೂರು ಸಲ.

“ಹೆಣ್ಣಿನ ಕಡೆ ಹೇಗಪ್ಪ ಪದ್ದಣ್ಣ?” ಎಂದು ಅವರು ತಾರಿಯ ಅಂಗಡಿಗೆ ಬಂದು ಮೀಸೆಗಂಟಿದ ಹಿಟ್ಟನ್ನು ಒರೆಸಿಕೊಳ್ಳುತ್ತ ಕೇಳಿದರು.

“ಗೋತ್ರ ಕರಿ. ಹಲ್ಲು ಚೆನ್ನಾಗಿವೆ, ಸೊಂಟ ಗಟ್ಟಿ. ವಯಸ್ಸು ಐದು.”

“ಒಂದ್ ಸಂಬಂಧ ಮೊದಲೇ ಆಗಿತ್ತಂತಲ್ಲ?”

“ಅಂಚೆ ಆಫೀಸಿನ ಕರಿಯನ ಜೊತೆ. ಗರ್ಭ ನಿಲ್ಲಲಿಲ್ಲ.”

“ನಮ್ ಹುಡುಗನಿಗೆ ಎರಡನೇ ಸಂಬಂಧದ ಹೆಣ್ಣು ತಂದಿದೀಯಲ್ಲಯ್ಯ.”

“ನಿಮ್ ಹುಡುಗ ಹೋದ ಕಾರ್ತಿಕದಲ್ಲಿ ಎಲ್ಲೆಲ್ಲಿ ಸುತ್ತಿದಾನೆ ಅಂತ ಬೀದಿಗೆಲ್ಲ ಗೊತ್ತು ಚೆನ್ನವೀರಪ್ನೋರೆ,” ಎಂದಳು ತಾರಿ, ಬಾಯಲ್ಲಿದ್ದ ಗುಂಡುಸೂಜಿ ತೆಗೆಯದೆ. “ನಮ್ಮವಳೇ ದೊಡ್ಡ ಮನಸ್ಸು ಮಾಡಿ ಒಪ್ಕೊಂಡಿದಾಳೆ.”

ಅರವತ್ತಮೂರನೆಯ ದಿನ ಗೋಧಿ ಐದು ಮರಿ ಹಾಕಿದಳು. ಒಂದು ಕರಿ, ಎರಡು ಬೂದಿ, ಒಂದು ಗೋಧಿ. ಐದನೆಯದು ಬಿಳಿ. ತೊಳೆದು ತೊಳೆದು ಬಣ್ಣ ಮರೆತ ಪಂಚೆಯ ಹಾಗಿತ್ತು, ಎಡಗಿವಿಯ ಹಿಂದೆ ಮಾತ್ರ ಬೆರಳೊತ್ತಿದಷ್ಟು ಬೂದಿ. ನಾನು ಅದನ್ನು ನೋಡಿದವನೇ ಮನೆಗೆ ಬಂದೆ. ಪುಸ್ತಕ ತೆಗೆದು ಗೋಧಿಯ ಹಾಳೆಯನ್ನು ಕಿಟಕಿಯ ಬಿಸಿಲಿಗೆ ಹಿಡಿದೆ. ಕರಿ ಎಂಬ ಅಕ್ಷರದ ಕೆಳಗೆ, ಹೆರೆದು ತೆಳ್ಳಗಾದ ಕಾಗದದಲ್ಲಿ ಇನ್ನೊಂದು ಪದ ಕಂಡಿತು. ಬೂದಿ. ನನ್ನದೇ ಕೈಬರಹ, ಸೊಟ್ಟಗೇ ಇತ್ತು. ಗರ್ಭವೇ ನಿಲ್ಲದ ಒಂದು ಜೋಡಿಗಾಗಿ ಅವಳ ತಾಯಿಯ ಬೂದಿಯನ್ನು ನಾನೇ ಹೆರೆದು ಹಾಕಿದ್ದೆ. ಬೂದಿ ಮಾತ್ರ ಪುಸ್ತಕದಿಂದ ಹೋಗಿತ್ತು, ನಾಯಿಯಿಂದ ಹೋಗಿರಲಿಲ್ಲ.

ಕೂತಲ್ಲೇ ಇನ್ನೂ ಏಳು ಹಾಳೆ ಬಿಸಿಲಿಗೆ ಹಿಡಿದೆ. ನಾನು ಬುಟ್ಟಿಯಲ್ಲಿ ಹೊತ್ತ ಏಳು ಮರಿಗಳ ತಾಯಂದಿರದ್ದು. ಐದರ ಕೆಳಗೆ ಬೂದಿ ಇತ್ತು.

ಹದಿನೈದನೆಯ ದಿನ ಉಳಿದ ಮರಿಗಳು ಕಣ್ಣು ಬಿಟ್ಟವು. ಬಿಳಿಯದರ ರೆಪ್ಪೆ ತೆರೆದಾಗ ಒಳಗೆ ಮೆಣಸಿನಕಾಳಿನಷ್ಟು ಏನೋ ಇತ್ತು, ಅದು ಬೆಳಕಿಗೆ ಅಲುಗಲಿಲ್ಲ. ತಿಂಗಳಾದಾಗ ತಾರಿ ದೊಡ್ಡ ಕತ್ತರಿಯನ್ನು ಮರಿಗಳ ಹತ್ತಿರ ಕಚ್ ಅನ್ನಿಸಿದಳು. ನಾಲ್ಕು ಬೆಚ್ಚಿಬಿದ್ದವು, ಒಂದು ನಿದ್ದೆ ಮುಂದುವರಿಸಿತು.

“ಇದಕ್ಕೆ ಅವಲಕ್ಕಿ ಅಂತ ಹೆಸರಿಟ್ಟಿದೀನಿ,” ಎಂದಳು.

“ಕತ್ತು ನೋಡೋ ಮೊದಲು ಹೆಸರಿಡಬಾರದು ತಾರಿ.”

“ಯಾಕೆ?”

ಯಾಕೆ ಎಂದು ಇಬ್ಬರಿಗೂ ಗೊತ್ತಿತ್ತು. ಅವಳು ಹೊಲಿಗೆ ಮೆಷಿನ್ನಿನ ಮುಂದೆ ಕೂತು ಪೆಡಲು ತುಳಿದಳು. ಮೂಲೆಯಲ್ಲಿ ಮಲಗಿದ್ದ ಅವಲಕ್ಕಿ ಎದ್ದು, ನೆಲಕ್ಕೆ ಹೊಟ್ಟೆ ತಾಗಿಸಿ ಒಂದು ಕ್ಷಣ ನಿಂತು, ನೇರ ಬಂದು ಅವಳ ಪಾದದ ಮೇಲೆ ಗದ್ದ ಇಟ್ಟಿತು. “ನೆಲ ನಡುಗಿದ್ದು ಗೊತ್ತಾಗುತ್ತೆ ಕಣೋ. ಹಿಮ್ಮಡಿ ಎರಡು ಸಲ ತಟ್ಟಿದ್ರೆ ಊಟ. ಒಂದು ಸಲ ತಟ್ಟಿದ್ರೆ ನಿಲ್ಲು. ಮುಟ್ಟೋ ಮೊದಲು ಮೂಗಿನ ಹತ್ತಿರ ಕೈ ಹಿಡೀಬೇಕು, ಇಲ್ಲಾಂದ್ರೆ ಹೆದರುತ್ತೆ. ಇಷ್ಟೇ. ಮಂಚ, ಹೊಸಿಲು, ನೀರಿನ ಬೋಗುಣಿ ಯಾವುದನ್ನೂ ನಾನು ಜಾಗ ಬದಲಾಯಿಸಲ್ಲ. ನಮ್ಮನೆಯವರು ಹೋದಾಗ್ಲೂ ಬದಲಾಯಿಸಿರಲಿಲ್ಲ. ಅಭ್ಯಾಸ ಇದೆ.”

ಅಷ್ಟರಲ್ಲಿ ಸುದ್ದಿ ಗಿರಣಿಗೆ ಮುಟ್ಟಿತ್ತು. ಚೆನ್ನವೀರಪ್ಪನವರು ಬಂದು ಹೊಸಿಲಿನಾಚೆಯೇ ನಿಂತರು. “ನಮ್ ಭಸ್ಮನ ವಂಶದಲ್ಲಿ ಇಂಥದ್ದು ಹುಟ್ಟಿದ್ದೇ ಇಲ್ಲ. ಏನಿದ್ರೂ ಹೆಣ್ಣಿನ ಕಡೆಯಿಂದ ಬಂದಿರ್ಬೇಕು. ಐವತ್ತಕ್ಕೆ ಕತ್ತು ನೋಡ್ತೀವಿ ತಾರಾಮತಿ. ತಿರುಗಿಸಲಿಲ್ಲ ಅಂದ್ರೆ ಬುಟ್ಟಿ. ಬೀದಿ ಕೊನೇ ಮನೆ ನಿಂದು. ಅವರು ಹೊರಗೆ ಹೋದರೋ ಇಲ್ಲವೋ ಅಂತ ನಮಗೆಲ್ಲ ಗೊತ್ತಾಗೋದು ನಿನ್ನ ಮನೆ ನಾಯಿಯಿಂದ.”

“ಗೋಧಿ ಇದಾಳಲ್ಲ.”

“ಗೋಧಿ ಇವತ್ತು ಇದಾಳೆ. ಹೇಳಲಾರದ ನಾಯಿ ಬೀದಿಗೆ ಒಂದು ತೂತು. ಅವತ್ತು ನಮ್ಮವ್ವ ತಾಗಿಸಿಕೊಂಡಿದ್ದು ಮುದಿ ನಾಯಿ ತೂಕಡಿಸಿದ್ದಕ್ಕೇ.” ಇಷ್ಟು ಹೇಳುವಾಗ ಅವರ ದನಿಯಲ್ಲಿ ಗಿರಣಿಯ ಗತ್ತು ಇರಲಿಲ್ಲ.

ಅವರು ಹೋದ ಮೇಲೆ ನಾನು ಪುಸ್ತಕ ತಂದು ತಾರಿಯ ಮುಂದೆ ಹಾಳೆ ಎತ್ತಿ ಹಿಡಿದೆ. ಬಟ್ಟೆಯ ನೇಯ್ಗೆ ನೋಡುವ ಕಣ್ಣು ಅವಳದು, ಒಂದೇ ನೋಟಕ್ಕೆ ಓದಿದಳು. ಬಯ್ಯುತ್ತಾಳೆ ಎಂದುಕೊಂಡೆ.

“ಇದು ನಿಮ್ಮಪ್ಪನ ಪದ್ಧತಿಯೋ?”

“ಹೂಂ.”

“ನಂಗೆ ಮದುವೆಯಾಗಿ ಇಪ್ಪತ್ತನಾಲ್ಕು ವರ್ಷ ಆಯ್ತು ಪದ್ದು. ಗೋತ್ರಾನೂ ಬದಲಾಯಿಸಿದ್ರು, ಮನೆ ಹೆಸರೂ ಬದಲಾಯಿಸಿದ್ರು. ಈಗ ಬಂದಿರೋ ಮಂಡಿನೋವು ಮಾತ್ರ ನಮ್ಮಮ್ಮನದೇ, ಅತ್ತೇದಲ್ಲ.” ಅವಳು ಅವಲಕ್ಕಿಯ ಮೂಗಿನ ಹತ್ತಿರ ಕೈ ಹಿಡಿದು, ಆಮೇಲೆ ಅದರ ತಲೆ ಮುಟ್ಟಿದಳು. “ಇದು ಹೀಗೆ ಹುಟ್ಟಿದ್ದು ಇದರ ತಪ್ಪಲ್ಲ, ಗೋಧಿ ತಪ್ಪೂ ಅಲ್ಲ. ನಾಳೆ ಬೀದಿಯವರ ಮುಂದೆ ನಿಂತು ಹೇಳು. ಬುಟ್ಟಿ ತರೋ ಕೈ ನಿಂದು. ತರಲ್ಲ ಅಂತ ನೀನೇ ಹೇಳ್ಬೇಕು.”

ನಾಳೆ ಅಂದದ್ದನ್ನು ನಾನು ಹದಿನೆಂಟು ದಿನ ಮುಂದೂಡಿದೆ. ಕತ್ತು ನೋಡುವ ದಿನ ಮೂರು ಗಂಟೆಗೆ, ಎಲ್ಲರೂ ಜಗಲಿಗಳ ಮೇಲೆ ಸೇರಿದ್ದಾಗ, ಇನ್ನು ತಡೆದರೆ ಮಾತೇ ಇರುವುದಿಲ್ಲ ಅನ್ನಿಸಿ ಎದ್ದುನಿಂತೆ. ಹೆರೆದದ್ದು, ಬಿಸಿಲಿಗೆ ಹಿಡಿದದ್ದು, ಏಳರಲ್ಲಿ ಐದು, ಎಲ್ಲ ಹೇಳಿದೆ. ಇಂಥ ಮರಿಯನ್ನು ಹುಟ್ಟಿಸಿದವರು ನಾವು, ಸಾಕಬೇಕಾದವರೂ ನಾವೇ ಎಂದೆ. ಬೀದಿ ಸ್ತಬ್ಧವಾಗುತ್ತದೆ ಎಂದುಕೊಂಡಿದ್ದೆ. ಒಂದು ಜಗಲಿಯಿಂದ “ಹಾಗಾದ್ರೆ ನಮ್ ಕೆಂಚಿ ಯಾವ ಗೋತ್ರ ಪದ್ದಣ್ಣ?” ಎಂದು ಕೇಳಿದರು. ಇನ್ನೊಂದರಿಂದ “ನಮ್ದು ಹೋದ ವರ್ಷ ಕೊಟ್ಟ ಸಂಬಂಧ ಊರ್ಜಿತವೋ?” ಎಂದರು. ನನ್ನ ಇಷ್ಟು ವರ್ಷದ ಪಾಪವನ್ನು ಜನ ತಮ್ಮ ತಮ್ಮ ನಾಯಿಯ ಮಟ್ಟಕ್ಕೆ ಹಂಚಿಕೊಂಡರು. ಚೆನ್ನವೀರಪ್ಪನವರು ಮಾತ್ರ ಬುಟ್ಟಿಯನ್ನು ಕಾಲಿನಿಂದ ನನ್ನ ಕಡೆ ತಳ್ಳಿ, “ಅದೆಲ್ಲ ಆಮೇಲೆ. ಕತ್ತು ನೋಡೋಣ” ಎಂದರು.

ಐದು ಮರಿಗಳನ್ನು ತಾರಿಯ ಮನೆಯ ಮುಂದೆ ಚರಂಡಿಯ ಚಪ್ಪಡಿಗಲ್ಲಿನ ಮೇಲೆ ಸಾಲಾಗಿ ಕೂರಿಸಿದೆವು. ಮೂರೂಕಾಲಾಯಿತು. ಕೆರೆಯ ಕಡೆಯಿಂದ ಕತ್ತುಗಳು ಹೊರಳತೊಡಗಿದವು. ಕರಿಯವುಗಳ ಗುರುಗುಡುವಿಕೆ ಒಂದು ಮನೆಯಿಂದ ಇನ್ನೊಂದು ಮನೆಗೆ ದಾಟುತ್ತ ಹತ್ತಿರ ಬಂತು. ನಾಲ್ಕು ಮರಿಗಳೂ ಕತ್ತು ತಿರುಗಿಸಿದವು, ಎರಡು ಬೂದಿಯವಂತೂ ದೊಡ್ಡವರ ಗಾಂಭೀರ್ಯದಿಂದ. ಅವಲಕ್ಕಿ ತಿರುಗಿಸಲಿಲ್ಲ. ಅದು ಹೊಟ್ಟೆಯನ್ನು ಕಲ್ಲಿಗೆ ಒತ್ತಿ ಒಂದು ಕ್ಷಣ ನಿಂತಿತು. ಆಮೇಲೆ ಕಲ್ಲಿನಿಂದ ಇಳಿದು ನೇರ ಬೀದಿಯ ನಡುವಿಗೆ ಹೋಯಿತು.

ನಮ್ಮೂರಿನ ಯಾವ ನಾಯಿಯೂ ಆ ಹೊತ್ತಿನಲ್ಲಿ ಬೀದಿಗೆ ಇಳಿದದ್ದಿಲ್ಲ. ಅವಲಕ್ಕಿ ಖಾಲಿ ಬೀದಿಯ ನಡುವೆ ನಿಂತು, ಮೂಗನ್ನು ನೆಲದಿಂದ ಗೇಣು ಮೇಲೆ ಎತ್ತಿ ಮೂಸಿತು, ಬಾಲ ಆಡಿಸಿತು. ಎರಡು ಹೆಜ್ಜೆ ಸರಿದು ಮತ್ತೆ ಮೂಸಿತು, ಮತ್ತೆ ಬಾಲ. ಮದುವೆ ಮನೆಯ ಬಾಗಿಲಲ್ಲಿ ನಿಂತ ಮಗು ಬಂದವರ ಕಾಲನ್ನೆಲ್ಲ ಒಬ್ಬೊಬ್ಬರಾಗಿ ವಿಚಾರಿಸಿಕೊಂಡ ಹಾಗೆ. ಮೂರು ಕಡೆ, ನಾಲ್ಕು ಕಡೆ, ಏಳು ಕಡೆ. ಎಣಿಸುತ್ತಿದ್ದವನು ನಾನೊಬ್ಬನೇ ಅಲ್ಲ, ಚೆನ್ನವೀರಪ್ಪನವರ ತುಟಿಯೂ ಅಲುಗುತ್ತಿತ್ತು. ಇಷ್ಟು ವರ್ಷ ಮರ್ಯಾದೆಗೆ ಎಂದುಕೊಂಡು ನಾವು ಹಾಕುತ್ತಿದ್ದ ಬಹುವಚನ ಮರ್ಯಾದೆಯದಾಗಿರಲಿಲ್ಲ. ವ್ಯಾಕರಣದ್ದಾಗಿತ್ತು.

ಹದಿನಾಲ್ಕನೆಯ ಕಡೆ ಅವಲಕ್ಕಿ ನಿಂತಿತು. ಮೂಸಿತು, ಮತ್ತೆ ಮೂಸಿತು, ಇದ್ದಕ್ಕಿದ್ದ ಹಾಗೆ ಮಣ್ಣಿನಲ್ಲಿ ಅಂಗಾತ ಬಿದ್ದು ನಾಲ್ಕೂ ಕಾಲು ಎತ್ತಿತು. ಅದರ ಹೊಟ್ಟೆಯ ಬಿಳಿ ಕೂದಲು ತಗ್ಗಾಯಿತು. ತಗ್ಗು ಅತ್ತಿಂದಿತ್ತ ಸರಿಯಿತು, ಬಲಗೈ ಸವರಿದರೆ ಮಲಗುವುದಕ್ಕೆ ವಿರುದ್ಧ ದಿಕ್ಕಿಗೆ ಕೂದಲು ಸುರುಳಿಯಾಗಿ ಮಲಗಿತು.

“ಎಡಗೈ,” ಎಂದಳು ತಾರಿ. ಅಷ್ಟು ಮೆಲ್ಲಗೆ ಅವಳು ಮಾತಾಡಿದ್ದನ್ನು ನಾನು ಆವರೆಗೆ ಕೇಳಿರಲಿಲ್ಲ. “ಪದ್ದು, ಅದು ಎಡಗೈ ಕಣೋ.”

ತಗ್ಗು ಮಾಯವಾಯಿತು. ಹಿಂದಿನವರು ಮುಂದೆ ಬಂದಿರಬೇಕು, ನಿಲ್ಲುವುದಕ್ಕಾಗುವುದಿಲ್ಲ. ಅವಲಕ್ಕಿ ಎದ್ದು ಮೈ ಕೊಡವಿ ಆ ಕೈಯ ಹಿಂದೆ ಹೊರಟಿತು. ತಾರಿಯ ಮನೆಯೇ ಕೊನೆ, ಅದರಾಚೆ ಇಟ್ಟಿಗೆ ಗೂಡು. ಐವತ್ತು ದಿನದ ಕುರುಡು ಮರಿ, ಕುಣಿಯುವ ನಡಿಗೆಯಲ್ಲಿ, ನಾನು ಏಳು ಸಲ ಬುಟ್ಟಿ ಹೊತ್ತ ದಾರಿಯಲ್ಲಿ ತಾನಾಗಿಯೇ ನಡೆಯತೊಡಗಿತು. ತಾರಿ ಜಗಲಿಯ ಕಲ್ಲಿಗೆ ಹಿಮ್ಮಡಿ ತಟ್ಟಿದಳು. ಅದು ಮಣ್ಣಿನ ಬೀದಿಗೆ ಇಳಿದಿತ್ತು, ಕಲ್ಲಿನ ನಡುಕ ಅಲ್ಲಿಯವರೆಗೆ ಹೋಗಲಿಲ್ಲ. ಮತ್ತೊಮ್ಮೆ ತಟ್ಟಿದಳು. ಆಮೇಲೆ ಸೆರಗು ಸಿಕ್ಕಿಸಿ ಜಗಲಿಯಿಂದ ಒಂದು ಕಾಲು ಇಳಿಸಿದಳು.

ಆಗ ನನ್ನ ತಲೆಯಲ್ಲಿ ದೊಡ್ಡ ವಿಚಾರವೇನೂ ಇರಲಿಲ್ಲ. ಅವಳು ಹೋದರೆ ಮರಿಯನ್ನು ನೋಡಿಕೊಳ್ಳುವವರಿಲ್ಲ, ನಾನು ಹೋದರೆ ಇದ್ದಾಳೆ, ಲೆಕ್ಕ ಅಷ್ಟು ಸರಳವಾಗಿತ್ತು. ಅವಳ ರಟ್ಟೆ ಹಿಡಿದು ಹಿಂದಕ್ಕೆಳೆದು ನಾನು ಇಳಿದೆ. ಖಾಲಿ ಬೀದಿಯಲ್ಲಿ ಓಡಿದವನಿಗೆ ಸಂತೆಯಲ್ಲಿ ನುಗ್ಗಿದ ಹಾಗಾಯಿತು. ಭುಜಕ್ಕೆ ಭುಜ ತಾಗಿತು. ಯಾರದೋ ಮೊಣಕೈ. ಯಾವುದೋ ಹಳೆಯ ಸೀರೆಯ ಒರಟು ಅಂಚು, ಅದರಲ್ಲಿ ಹಸಿ ಹಿಟ್ಟಿನ ವಾಸನೆ. ಯಾರೂ ಸಿಟ್ಟಾಗಲಿಲ್ಲ. ತಡವಾಗಿ ಬಂದ ನೆಂಟನಿಗೆ ಜಾಗ ಮಾಡಿಕೊಡುವ ಹಾಗೆ ಸರಿದುಕೊಂಡರು. ಮರಿಯ ಹಿಂದೆ ಹೋಗಿ ಹಿಮ್ಮಡಿಯಿಂದ ನೆಲಕ್ಕೆ ಒಂದೇ ಸಲ ಜೋರಾಗಿ ತಟ್ಟಿದೆ. ಅವಲಕ್ಕಿ ನಿಂತಿತು. ಬಗ್ಗಿ ಅದರ ಮೂಗಿನ ಹತ್ತಿರ ಕೈ ಹಿಡಿದೆ, ಮೂಸಿತು, ಎತ್ತಿಕೊಂಡೆ. ತಿರುಗುವಾಗ ನನ್ನ ಬಲಭುಜದ ಮೇಲೆ ಒಂದು ಕೈ ಕೂತು, ಅಳತೆ ತೆಗೆಯುವವನ ಹಾಗೆ ಒಮ್ಮೆ ಒತ್ತಿ, ನನ್ನನ್ನು ಜಗಲಿಯ ಕಡೆ ತಳ್ಳಿತು. ಎದುರಿಗೆ ನಿಂತವನ ಬಲಭುಜಕ್ಕೆ ಸಿಗುವುದು ಎಡಗೈ.

ಜಗಲಿ ಹತ್ತಿದಾಗ ಬೀದಿಯ ನಾಯಿಗಳೆಲ್ಲ ಇನ್ನೂ ಕತ್ತು ತಿರುಗಿಸಿಯೇ ಇದ್ದವು. ಇಟ್ಟಿಗೆ ಗೂಡಿನ ಕಡೆಗಲ್ಲ, ನನ್ನ ಕಡೆಗೆ.

ಚೆನ್ನವೀರಪ್ಪನವರು ಬುಟ್ಟಿಯನ್ನು ತಾವೇ ಎತ್ತಿ ತಮ್ಮ ಮನೆಯ ಒಲೆಗೆ ಹಾಕಿದರು ಎಂದು ಮಾರನೆಯ ದಿನ ತಿಳಿಯಿತು. ಅವಲಕ್ಕಿ ದಿನಾ ಸೊಂಟಕ್ಕೆ ಹಗ್ಗ ಕಟ್ಟಿಸಿಕೊಂಡು ಬೀದಿಗೆ ಇಳಿಯುತ್ತದೆ, ಹಗ್ಗದ ತುದಿ ಜಗಲಿಯ ಮೇಲೆ ತಾರಿಯ ಕೈಯಲ್ಲಿ. ತಾಗಿದರೂ ಅದಕ್ಕೆ ಏನೂ ಆಗಿಲ್ಲ, ಆ ಕೇಡು ಮನುಷ್ಯರಿಗೆ ಮಾತ್ರ ಇರಬೇಕು. ಅದು ಹತ್ತೊಂಬತ್ತು ಕಡೆ ನಿಲ್ಲುತ್ತದೆ. ತಾಗಿದವರ ಹೆಸರು ನೆನಪು ಮಾಡಿಕೊಂಡು ಎಣಿಸಿದರೆ ಬೀದಿಗೆ ಹನ್ನೆರಡೇ ಸಿಕ್ಕವು. ಉಳಿದ ಏಳು ಯಾರು ಎಂದು ಯಾರೂ ಕೇಳುತ್ತಿಲ್ಲ. ನಾನಂತೂ ಕೇಳಬೇಕಾಗಿಲ್ಲ, ಬುಟ್ಟಿಯಲ್ಲಿ ಹೊತ್ತದ್ದೂ ಏಳೇ. ಅವಲಕ್ಕಿ ಆ ಏಳು ಕಡೆ ಮೂಗನ್ನು ಮೇಲೆತ್ತದೆ ನೆಲದ ಮಟ್ಟದಲ್ಲೇ ಮೂಸುತ್ತದೆ, ಮುಂಗಾಲು ಬಗ್ಗಿಸಿ ಆಟಕ್ಕೆ ಕರೆಯುತ್ತದೆ.

ಈಗ ಬರೆಯುತ್ತಿರುವುದಕ್ಕೆ ಅವಸರದ ಕಾರಣ ಬೇರೆ. ಹೋದ ವಾರ ಚೆನ್ನವೀರಪ್ಪನವರು ಮನೆಗೆ ಬಂದಿದ್ದರು. ಭಸ್ಮನಿಗೆ ಒಂದು ಒಳ್ಳೆಯ ಬೂದಿ ಹೆಣ್ಣು ನೋಡು ಎಂದರು. ಸಗೋತ್ರ ಎಂದೆ. “ಗೊತ್ತಿದ್ದೇ ಕೇಳ್ತಿದೀನಪ್ಪ. ನಂಗೂ ಒಂದು ಬಿಳೀದು ಬೇಕು. ನಮ್ಮವ್ವ ಅದರಲ್ಲಿದಾಳೋ ಇಲ್ಲವೋ ಅಂತ ನೋಡ್ಬೇಕು,” ಎಂದು ತಲೆ ತಗ್ಗಿಸಿದರು. ಅವರೊಬ್ಬರೇ ಅಲ್ಲ, ಇನ್ನೂ ಐದು ಮನೆಯವರು ಹಾಗೇ ಕೇಳಿದ್ದಾರೆ. ಹಿಟ್ಟಿನ ವಾಸನೆಯ ಸೀರೆ ನನ್ನ ಕೈಗೆ ತಾಗಿತ್ತು, ಅವ್ವ ಇದ್ದಾರೆ ಎಂದೆ. ಒಂದು ಮರಿ ಕಣ್ಣು ಕಿವಿ ಕಳೆದುಕೊಂಡು ಹುಟ್ಟಿದ್ದು ನನ್ನ ತಪ್ಪು, ಬೇಕೆಂದೇ ಇನ್ನೊಂದನ್ನು ಹಾಗೆ ಹುಟ್ಟಿಸಿದರೆ ಅದಕ್ಕೆ ತಪ್ಪು ಅನ್ನುವ ಪದ ಸಾಲುವುದಿಲ್ಲ ಎಂದೆ. ಗಂಟಲು ಹರಿಯುವಷ್ಟು ಜೋರಾಗಿಯೇ ಹೇಳಿದೆ.

“ಏನಂದೆ ಪದ್ದಣ್ಣ?” ಎಂದು ಕಿವಿಯ ಹಿಂದೆ ಕೈ ಇಟ್ಟರು ಚೆನ್ನವೀರಪ್ಪನವರು. “ಹೂಂ ಅಂದ್ಯಾ?”

ಪುಣ್ಯಕ್ಕೆ ತಾರಿ ಅಲ್ಲೇ ಇದ್ದಳು. ಅವಳಿಗೂ ಕೇಳಿಸಿರಲಿಕ್ಕಿಲ್ಲ, ಆದರೆ ನಾನು ಏನು ಹೇಳಿರುತ್ತೇನೆಂದು ಐವತ್ತು ವರ್ಷದಿಂದ ಅವಳಿಗೆ ಗೊತ್ತು. “ಆಗಲ್ಲ ಅಂದ. ನಾನೂ ಆಗಲ್ಲ ಅಂತಿದೀನಿ. ನಿಮ್ಮವ್ವನ್ನ ನೋಡ್ಬೇಕು ಅಂದ್ರೆ ಮೂರೂಕಾಲಿಗೆ ನಮ್ಮ ಜಗಲಿಗೆ ಬನ್ನಿ, ಒಂದು ಚಾಪೆ ಹಾಕ್ತೀನಿ. ಒಂದು ಬಿಳೀದಿದೆ, ಅದನ್ನ ಸಾಯೋವರೆಗೂ ಎಲ್ಲರೂ ಸೇರಿ ಚೆನ್ನಾಗಿ ನೋಡ್ಕೊಳ್ಳೋಣ.” ಅದೇ ದಿನ ಗೋಧಿಯನ್ನು ದನದ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ, ಇನ್ನು ಮರಿಯಾಗದ ಹಾಗೆ ಆಪರೇಷನ್ ಮಾಡಿಸಿ ಬಂದಳು. ಅವಲಕ್ಕಿಗೂ ವಯಸ್ಸು ಬಂದ ಕೂಡಲೇ ಮಾಡಿಸುತ್ತಾಳಂತೆ.

ಪುಸ್ತಕವನ್ನು ಅವಳಿಗೇ ಒಪ್ಪಿಸಿದ್ದೇನೆ. ನೂರ ಹದಿನಾಲ್ಕು ಹೆಣ್ಣುಗಳ ಹಾಳೆಯನ್ನು ಬಿಸಿಲಿಗೆ ಹಿಡಿದು, ಕೆಳಗಿದ್ದ ಗೋತ್ರವನ್ನು ಕೆಂಪು ಶಾಯಿಯಲ್ಲಿ ಮತ್ತೆ ಬರೆದಿದ್ದೇನೆ. ಇನ್ನು ಮೇಲೆ ಯಾವ ಹೆಣ್ಣಿನ ಗೋತ್ರವನ್ನೂ ಹೆರೆಯಬಾರದು. ಗೋಧಿಯಂಥವಳು ಬಂದರೆ ತಾಯಿ ಯಾರು ಎಂದು ಮೊದಲು ಕೇಳಬೇಕು. ಇದನ್ನು ಓದುವವರು, ನಾನು ಇಲ್ಲದಿದ್ದರೂ, ನಾನು ಹೇಳಿದ್ದೆ ಎಂದು ತಿಳಿಯಬೇಕು.

ಇವತ್ತು ಮಧ್ಯಾಹ್ನ ತಾರಿಯ ಮನೆಗೆ ಹೋಗಿದ್ದೆ. ಚಾಪೆಯ ಮೇಲೆ ಚೆನ್ನವೀರಪ್ಪನವರೂ ಇನ್ನಿಬ್ಬರು ಹೆಂಗಸರೂ ಕೂತಿದ್ದರು, ಇನ್ನೂ ಮೂರೂಕಾಲಾಗಿರಲಿಲ್ಲ. ನಾನು ಬಾಗಿಲಲ್ಲಿ ನಿಂತು ಕೆಮ್ಮಿದೆ. ಯಾರೂ ತಲೆ ಎತ್ತಲಿಲ್ಲ. ಹಿಮ್ಮಡಿಯಿಂದ ನೆಲಕ್ಕೆ ಎರಡು ಸಲ ತಟ್ಟಿದೆ. ಮೆಷಿನ್ನಿನ ಕೆಳಗೆ ಮಲಗಿದ್ದ ಅವಲಕ್ಕಿ ಎದ್ದು, ಯಾವುದಕ್ಕೂ ಡಿಕ್ಕಿ ಹೊಡೆಯದೆ ಬಂದು, ನನ್ನ ಪಾದ ಮೂಸಿ ಬಾಲ ಆಡಿಸಿತು. ತಾರಿ ಪೆಡಲು ನಿಲ್ಲಿಸಿ ಅದನ್ನೇ ನೋಡಿದಳು. ಆಮೇಲೆ ಅದರ ಮೂಗಿನ ಮುಂದಿದ್ದ ಖಾಲಿ ಜಾಗವನ್ನು, ಅಂದರೆ ನನ್ನನ್ನು, ನೋಡಿದಳು. ಸೆರಗು ಸರಿಮಾಡಿಕೊಂಡು ಎದ್ದುನಿಂತಳು.

“ಸ್ವಲ್ಪ ಸರೀರಿ,” ಎಂದಳು ಚಾಪೆಯ ಮೇಲಿದ್ದವರಿಗೆ. “ಅವರು ಬಂದಿದಾರೆ. ದಾರಿ ಬಿಡಿ.”